ಬಾಡಿಗೆ ಬಂದೂಕಿಗೆ ಪಿಟೀಲಿನ ಸಾಥ್

ಮತ್ತೆ ಬಂದಿದೆ. ವಾರದ ಕೊನೆಗೆ ಏನಾದರೂ ನೋಡೋಣ ಅಂತ ಆ್ಯಪ್ ತೆರೆದರೆ ಮೊದಲ ಪೋಸ್ಟರಿನಲ್ಲೇ ಐದಾರು ಜನ ಗಡ್ಡದ ಗಂಡಸರು. ಹಿಂದೆ ಬೆಂಕಿ, ತಲೆಯ ಮೇಲೆ ಹೆಲಿಕಾಪ್ಟರು. ಮಾಜಿ ಸೈನಿಕರು, ಈಗ ಬಾಡಿಗೆಗೆ ಲಭ್ಯ. ಇದೊಂದೇ ಕೊನೆಯ ಮಿಷನ್ ಅಂತೆ. ನಮ್ಮ ರಾಜಕಾರಣಿಗಳ ಕೊನೆಯ ಚುನಾವಣೆ ಇದ್ದ ಹಾಗೆ, ಪ್ರತಿ ಸಲವೂ ಇದೇ ಕೊನೆ.

ಕಥೆ ನಿಮಗೆ ಗೊತ್ತೇ ಇದೆ. ದುಡ್ಡಿಗೆ ಅಂತ ಹೊರಡುತ್ತಾರೆ. ಇಂಟರ್ವಲ್ ಆಗುತ್ತಿದ್ದಂತೆ ಆತ್ಮಸಾಕ್ಷಿಗೆ ಎಚ್ಚರವಾಗುತ್ತದೆ. ಅಡ್ವಾನ್ಸ್ ವಾಪಸ್ ಕೊಡುವಷ್ಟು ಎಚ್ಚರ ಮಾತ್ರ ಯಾವತ್ತೂ ಆಗಿದ್ದಿಲ್ಲ.

ಗುಂಡು ಹಾರಲಿ ಬಿಡಿ, ಅದಕ್ಕೇ ತಾನೇ ನೋಡುವುದು. ನನಗೆ ತಡೆಯಲಾಗದ್ದು ಪರದೆಯ ಕೆಳಗೆ ಬರುವ ಆ ಒಂದು ಸಾಲು. ನಾಯಕ ಮೆಷಿನ್ ಗನ್ ಹಿಡಿದು ಇಡೀ ಊರನ್ನು ಮಲಗಿಸುವವರೆಗೂ ಅಲ್ಲಿ ಏನೂ ಇರುವುದಿಲ್ಲ. ಎಲ್ಲ ಮುಗಿದ ಮೇಲೆ ಪಾಪ ಸುಸ್ತಾಗಿ ಒಂದು ಸಿಗಾರ್ ಹಚ್ಚಿದ ನೋಡಿ, ಥಟ್ಟನೆ ಬಂತು: ಧೂಮಪಾನ ಆರೋಗ್ಯಕ್ಕೆ ಹಾನಿಕರ. ಯಾರ ಆರೋಗ್ಯಕ್ಕೆ ಸ್ವಾಮಿ? ಆ ಹೊಗೆ ಕುಡಿಯಲು ಸುತ್ತಮುತ್ತ ಉಸಿರಾಡುವವರು ಒಬ್ಬರಾದರೂ ಉಳಿದಿದ್ದಾರಾ?

ಈ ವಂಶದ ಹಿರಿಯಜ್ಜ 1978ರ 'ದಿ ವೈಲ್ಡ್ ಗೀಸ್'. ರಿಚರ್ಡ್ ಬರ್ಟನ್, ರೋಜರ್ ಮೂರ್, ರಿಚರ್ಡ್ ಹ್ಯಾರಿಸ್. ಲಂಡನ್ನಿನ ಒಬ್ಬ ಬ್ಯಾಂಕ್ ಸಾಹುಕಾರ ಇವರನ್ನು ಬಾಡಿಗೆಗೆ ಹಿಡಿದು, ಆಫ್ರಿಕಾದಲ್ಲಿ ಸೆರೆಯಲ್ಲಿರುವ ಒಬ್ಬ ನಾಯಕನನ್ನು ಬಿಡಿಸಿಕೊಂಡು ಬನ್ನಿ ಅನ್ನುತ್ತಾನೆ. ಅಷ್ಟರಲ್ಲಿ ಆ ಸಾಹುಕಾರನಿಗೆ ಅಲ್ಲಿನ ಸರ್ಕಾರದ ಜೊತೆಗೇ ತಾಮ್ರದ ಗಣಿ ವ್ಯವಹಾರ ಕುದುರುತ್ತದೆ. ಕರೆದೊಯ್ಯಲು ಬಂದ ವಿಮಾನ ಇವರನ್ನು ಹತ್ತಿಸಿಕೊಳ್ಳದೆ ಹಾರಿಹೋಗುತ್ತದೆ. ಮೋಸ ಹೋದ ವೀರರು! ನೋಡುವವರ ಕಣ್ಣಲ್ಲಿ ನೀರು.

ನೀರು ಯಾವಾಗ ಬರುತ್ತದೆ ಅನ್ನುವುದನ್ನು ಸ್ವಲ್ಪ ಗಮನಿಸಿ. ಅದೇ ಸಿನಿಮಾದಲ್ಲಿ ನಮ್ಮ ವೀರರು ರಾತ್ರಿ ಬ್ಯಾರಕ್ಕಿಗೆ ನುಗ್ಗಿ, ಹಾಸಿಗೆಯಲ್ಲಿ ಮಲಗಿರುವ ಸೈನಿಕರ ಮೇಲೆ ಸೈನೈಡ್ ಅನಿಲ ಬಿಡುತ್ತಾರೆ. ಸಾಲು ಸಾಲು ಮಂಚ, ಸಾಲು ಸಾಲು ಹೆಣ. ಯಾರೂ ಅಳುವುದಿಲ್ಲ. ಕೊನೆಯಲ್ಲಿ, ಗಾಯಗೊಂಡು ಓಡಲಾಗದ ಒಬ್ಬ ಬಿಳಿ ಗೆಳೆಯನನ್ನು ಅವನೇ ಬೇಡಿಕೊಂಡ ಮೇಲೆ ಬರ್ಟನ್ ಗುಂಡಿಟ್ಟು ಕೊಲ್ಲುತ್ತಾನೆ. ಆಗ ನೋಡಿ ಕರ್ಚೀಫು ಹೊರಗೆ ಬರುವುದು. ಪಿಟೀಲು ಯಾರ ಸಾವಿಗೆ ಬಾರಿಸಬೇಕು ಅನ್ನುವುದನ್ನು ಕಥೆ ಬರೆಯುವಾಗಲೇ ತೀರ್ಮಾನ ಮಾಡಿರುತ್ತಾರೆ.

ಚಿತ್ರೀಕರಣ ಆಗಿದ್ದು ವರ್ಣಭೇದದ ಕಾಲದ ದಕ್ಷಿಣ ಆಫ್ರಿಕಾದಲ್ಲಿ. ಆ ಸೆರೆಯಾಳು ನಾಯಕನ ಪಾತ್ರ ಮಾಡಿದವರು ವಿನ್‌ಸ್ಟನ್ ಎನ್‌ಶೋನಾ. 1975ರಲ್ಲಿ ಸಹನಟ ಜಾನ್ ಕಾನಿ ಜೊತೆ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಗೆದ್ದಿದ್ದ ನಟ. ಅಂಥವರಿಗೆ ಇಲ್ಲಿ ಸಿಕ್ಕ ಕೆಲಸ ಅಂದರೆ ಕಾಯಿಲೆ ಬಿದ್ದು, ಒಬ್ಬ ಬಿಳಿಯನ ಬೆನ್ನ ಮೇಲೆ ಕೂತು, ಅವನಿಗೆ ಬುದ್ಧಿ ಬರುವ ತನಕ ಉಪದೇಶ ಮಾಡುವುದು. ಬುದ್ಧಿ ಬರುತ್ತದೆ. ಆಮೇಲೆ ಇಬ್ಬರೂ ಸಾಯುತ್ತಾರೆ.

ಈ ಸಿನಿಮಾಕ್ಕೆ ಸಲಹೆಗಾರ ಯಾರು ಅಂತೀರಿ? ಮೈಕ್ ಹೋರ್. 1919ರಲ್ಲಿ ಹುಟ್ಟಿದ್ದು ನಮ್ಮ ಕಲ್ಕತ್ತೆಯಲ್ಲೇ. ಕಲಿತ ವಿದ್ಯೆ ಲೆಕ್ಕಪತ್ರ. 1964ರಲ್ಲಿ ಕಾಂಗೋದಲ್ಲಿ ಬಾಡಿಗೆ ಪಡೆಯ ಮುಖ್ಯಸ್ಥನಾಗಿ ಹೆಸರು ಮಾಡಿದವನು. ಸಿನಿಮಾ ಹಿಟ್ ಆದ ಮೂರು ವರ್ಷಕ್ಕೆ, 1981ರ ನವೆಂಬರಿನಲ್ಲಿ, ಈ ಮಹಾಶಯ ಸೀಶೆಲ್ಸ್ ದ್ವೀಪದ ಸರ್ಕಾರ ಉರುಳಿಸಲು ಹೊರಟ. ವೇಷ ಏನು ಗೊತ್ತಾ? ಬಿಯರ್ ಪ್ರಿಯರ ಸಂಘ. ನಾವು ಕುಡಿಯುವವರು, ಬಡ ಮಕ್ಕಳಿಗೆ ಆಟಿಕೆ ಹಂಚಲು ಬಂದಿದ್ದೇವೆ ಅಂತ ನಲವತ್ತಕ್ಕೂ ಹೆಚ್ಚು ಜನ ವಿಮಾನ ಇಳಿದರು. ಬ್ಯಾಗಿನಲ್ಲಿ ಮೇಲೆ ಆಟಿಕೆ, ಕೆಳಗೆ ಎಕೆ-47. ಪ್ಲಾನ್ ಚೆನ್ನಾಗೇ ಇತ್ತು. ಕಸ್ಟಮ್ಸಿನವರು ಒಂದು ಬ್ಯಾಗಿನೊಳಗೆ ಕೈ ಹಾಕಿ ನೋಡುತ್ತಾರೆ ಅನ್ನುವುದೊಂದನ್ನು ಯಾರೂ ಲೆಕ್ಕ ಹಾಕಿರಲಿಲ್ಲ, ಅಷ್ಟೇ. ಲೆಕ್ಕಪತ್ರ ಓದಿದವನು ಬೇರೆ.

ಆಮೇಲೆ ಏರ್‌ಪೋರ್ಟಿನಲ್ಲಿ ಗುಂಡಿನ ಗಲಾಟೆ. ಅಷ್ಟರಲ್ಲಿ ಬಾಂಬೆಗೆ ಹೊರಟಿದ್ದ ನಮ್ಮ ಏರ್ ಇಂಡಿಯಾ ಬೋಯಿಂಗ್ 707 ಬಂದು ಇಳಿಯಿತು. ವೀರರು ಅದಕ್ಕೆ ನುಗ್ಗಿ, ಅಪಹರಿಸಿ, ಡರ್ಬನ್ನಿಗೆ ತಿರುಗಿಸಿದರು. ತಮ್ಮದೇ ಕೆಲವರನ್ನು ಸೀಶೆಲ್ಸಿನಲ್ಲೇ ಬಿಟ್ಟು! ಸಿನಿಮಾದಲ್ಲಿ ಬಿಟ್ಟು ಹೋದವನು ಖಳನಾಯಕ, ಅಲ್ವಾ? ಮನೆಗೆ ಹೊರಟಿದ್ದ ನಮ್ಮ ಪ್ರಯಾಣಿಕರು ಮಧ್ಯರಾತ್ರಿ ಬಂದೂಕು ಹಿಡಿದವರ ಪಕ್ಕ ಕೂತು ಬೇರೆ ದೇಶಕ್ಕೆ ಹೋದರು. ಅವರ ಬಗ್ಗೆ ಸಿನಿಮಾ ಮಾಡೋಣ ಅಂತ ಮಾತ್ರ ಯಾರಿಗೂ ಅನಿಸಿದ ಹಾಗಿಲ್ಲ. ದಕ್ಷಿಣ ಆಫ್ರಿಕಾ ಮೊದಲು ಬಹುತೇಕ ಎಲ್ಲರನ್ನೂ ಸುಮ್ನೆ ಬಿಟ್ಟುಬಿಟ್ಟಿತು. ಹೊರಗಿನವರು ಬೊಬ್ಬೆ ಹೊಡೆದ ಮೇಲೆ ವಿಮಾನ ಅಪಹರಣದ ಕೇಸು ಹಾಕಿತು. ಹೋರ್‌ಗೆ ಹತ್ತು ವರ್ಷ ಶಿಕ್ಷೆ, 1985ರಲ್ಲೇ ಬಿಡುಗಡೆ. ನೂರು ವರ್ಷ ತುಂಬಿ, 2020ರಲ್ಲಿ ಸತ್ತ. ಧೂಮಪಾನದ ವಿಷಯ ಗೊತ್ತಿಲ್ಲ. ಬಾಡಿಗೆ ಯುದ್ಧ ಆರೋಗ್ಯಕ್ಕೆ ಒಳ್ಳೆಯದೇ ಇರಬೇಕು, ಮುಂದೆ ನಿಂತು ಕಳಿಸುವವನಿಗೆ.

ಈಗಿನವರು ಇನ್ನೂ ಚುರುಕು. ಸಲಹೆಗಾರನಾಗುವ ರಗಳೆಯೇ ಬೇಡ ಅಂತ ಸಿನಿಮಾವನ್ನೇ ತೆಗೆಸುತ್ತಾರೆ. ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ ರಷ್ಯಾದ ವಾಗ್ನರ್ ಬಾಡಿಗೆ ಪಡೆ ಗಂಭೀರ ದೌರ್ಜನ್ಯ ಎಸಗುತ್ತಿರುವ ವರದಿಗಳಿವೆ ಅಂತ ವಿಶ್ವಸಂಸ್ಥೆಯ ತಜ್ಞರು 2021ರ ಮಾರ್ಚಿನಲ್ಲಿ ಹೇಳಿದರು. ಮೇ ತಿಂಗಳಿಗೆ ರಾಜಧಾನಿ ಬಾಂಗಿಯ ಸ್ಟೇಡಿಯಮ್ಮಿನಲ್ಲಿ 'ಟೂರಿಸ್ಟ್' ಅನ್ನುವ ಸಿನಿಮಾ ರಿಲೀಸ್. ಅದೇ ದೇಶದಲ್ಲಿ ಚಿತ್ರೀಕರಣ, ಅಲ್ಲಿನ ಸಾಂಗೋ ಭಾಷೆಗೆ ಡಬ್ಬಿಂಗ್. ರಷ್ಯಾದಿಂದ ಬಂದವರು ದೇವರಂಥವರು ಅನ್ನುವುದೇ ಕಥೆ. ಅದರ ಹಿಂದೆ ಇದ್ದವನು ವಾಗ್ನರ್ ಪಡೆ ಕಟ್ಟಿದ ಪ್ರಿಗೋಝಿನ್, ಒಂದು ಕಾಲಕ್ಕೆ ಹಾಟ್ ಡಾಗ್ ಮಾರುತ್ತಿದ್ದವನು. ಆರೋಪಕ್ಕೆ ಉತ್ತರ ಕೊಡಲು ಬೇರೆಯವರು ವಕೀಲರನ್ನು ಹುಡುಕುತ್ತಾರೆ. ಇವನು ಕ್ಯಾಮೆರಾಮನ್ ಹುಡುಕಿದ. ಎಂಥ ಕಲಾಭಿಮಾನ ನೋಡಿ!

ಇಲ್ಲಿಗೆ ನಕ್ಕಿದ್ದು ಸಾಕು.

ಕಲಬುರಗಿಯ ಹುಡುಗರ ಸುದ್ದಿ ಮರೆತಿಲ್ಲ ತಾನೇ? ಯೂಟ್ಯೂಬ್ ವಿಡಿಯೋ ನೋಡಿ, ಏಜೆಂಟರಿಗೆ ಲಕ್ಷಗಟ್ಟಲೆ ಕೊಟ್ಟು, ಸೆಕ್ಯುರಿಟಿ ಕೆಲಸ ಅಂತ ರಷ್ಯಾಕ್ಕೆ ಹೋದವರು. ಓದಲು ಬಾರದ ರಷ್ಯನ್ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಬಂದೂಕು ಹಿಡಿಯುವುದನ್ನು ಕೆಲವು ದಿನ ತೋರಿಸಿ ಉಕ್ರೇನ್ ಗಡಿಗೆ ತಳ್ಳಿದರು. 2024ರ ಫೆಬ್ರವರಿಯಲ್ಲಿ ಹೀಗೇ ಮೋಸ ಹೋಗಿದ್ದ ಗುಜರಾತಿನ ಒಬ್ಬ ಹುಡುಗ ಡ್ರೋನ್ ದಾಳಿಗೆ ಸತ್ತ. ಯುದ್ಧದಿಂದ ದೂರ ಇರಿ, ಎಚ್ಚರವಾಗಿರಿ ಅಂತ ನಮ್ಮ ವಿದೇಶಾಂಗ ಇಲಾಖೆ ಹೇಳಿಕೆ ಕೊಟ್ಟಿತು. ಕಂದಕದಲ್ಲಿ ಕೂತವನಿಗೆ ದೂರ ಇರು ಅನ್ನುವ ಬುದ್ಧಿವಾದ! ಕಲಬುರಗಿಯವರು ಊರು ಸೇರಿದ್ದು ಸೆಪ್ಟೆಂಬರಿಗೆ. ಅಲ್ಲಿಯತನಕ ಅಪ್ಪ ಅಮ್ಮಂದಿರು ಮೊಬೈಲ್ ಕೈಯಲ್ಲಿ ಹಿಡಿದು ಅರ್ಜಿ ಕೊಡುತ್ತಾ ಓಡಾಡಿದರು. ಹುಡುಗರನ್ನು ಹಿಡಿದುಕೊಟ್ಟ ಏಜೆಂಟರ ವಿಡಿಯೋ ಕೆಳಗೆ ಯಾವ ಎಚ್ಚರಿಕೆಯ ಸಾಲೂ ಇರಲಿಲ್ಲ. ಅದರಲ್ಲಿ ಯಾರೂ ಸಿಗರೇಟು ಸೇದಿರಲಿಲ್ಲವಲ್ಲ.

ಈ ಹುಡುಗರಿಗೆ ಆ ಪೋಸ್ಟರಿನಲ್ಲಿ ಜಾಗ ಇಲ್ಲ. ಗಡ್ಡ ಇದ್ದರೂ ಇಲ್ಲ. ಅಂಥ ಸಿನಿಮಾಗಳಲ್ಲಿ ಇವರಿಗೆ ಕೊಡುವ ಪಾತ್ರ ಒಂದೇ: ನಾಯಕ ಬಾಗಿಲು ಒದ್ದು ಒಳಗೆ ಬಂದಾಗ ಮೊದಲ ಗುಂಡಿಗೆ ಬೀಳುವವನು, ಟೈಟಲ್ ಕಾರ್ಡಿನಲ್ಲಿ ಸೈನಿಕ ನಂಬರ್ ಮೂರು.