ಕುದುರೆಗೆ ಮೇವು ಹಾಕಿದವರು ಯಾರು?

ನಮ್ಮ ಅಜ್ಜ ಹುಬ್ಬಳ್ಳಿಯಲ್ಲಿ ಟಾಂಗಾ ಹೊಡೆಯುತ್ತಿದ್ದರು. ಸಂಜೆ ಬಂದವರು ಮೊದಲು ಕುದುರೆಗೆ ನೆನೆಸಿದ ಹುರುಳಿ ಇಟ್ಟು, ಅದು ಮೆಲ್ಲುವ ಸದ್ದು ಕಿವಿಗೆ ಬಿದ್ದ ಮೇಲೆಯೇ ಒಳಗೆ ಕಾಲಿಡುತ್ತಿದ್ದರಂತೆ. "ಮೊದ್ಲ ಅದರ ಹೊಟ್ಟಿ, ಆಮ್ಯಾಲೆ ನಮ್ದು" ಅನ್ನುತ್ತಿದ್ದರು. ಹುರುಳಿ ತುಟ್ಟಿಯಾದ ವರ್ಷ ಮನೆಯಲ್ಲಿ ರೊಟ್ಟಿ ಎಣಿಸಿ ಬಡಿಸುತ್ತಿದ್ದರು ಎಂದು ಅವ್ವ ಈಗಲೂ ನೆನೆಯುತ್ತಾಳೆ.

ಬೈಬಲಿನಲ್ಲಿ ಕುದುರೆ ಬಂದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಯೇಸು ಕತ್ತೆಯೇರಿ ಜೆರೂಸಲೇಮಿಗೆ ಬಂದದ್ದನ್ನು ಗರಿ ಹಿಡಿದು ನೆನೆಯುವ ಗರಿಗಳ ಭಾನುವಾರ ಈ ಸಲವೂ ಹಾಗೇ ಆಯಿತು. ಕುದುರೆ ಅಂದರೆ ಗರ್ವ, ಕತ್ತೆ ಅಂದರೆ ದೀನತೆ ಎಂಬ ಪಾದ್ರಿಗಳ ಪ್ರಸಂಗವನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅದು ಸುಳ್ಳಲ್ಲ. ಆದರೆ ಕುದುರೆಯನ್ನು ಬರೀ ಮನಸ್ಸಿನ ಒಂದು ಗುಣವಾಗಿ ನೋಡಿದರೆ ಅದರ ಹಿಂದಿದ್ದ ಹೊಲ, ಕಣಜ, ತೆರಿಗೆ ಎಲ್ಲ ಕಣ್ಮರೆಯಾಗುತ್ತವೆ. ಕುದುರೆಯ ಬಗ್ಗೆ ಆ ಗ್ರಂಥಕ್ಕಿರುವ ಅನುಮಾನ ಭಕ್ತನದು ಎಷ್ಟೋ ಅಷ್ಟೇ ರೈತನದೂ ಹೌದು ಎಂಬುದು ನನ್ನ ನಂಬಿಕೆ.

ಇಸ್ರಾಯೇಲಿನ ಅರಸ ಸೊಲೊಮೋನನಿಗೆ 1,400 ರಥಗಳು, 12,000 ರಾಹುತರು ಇದ್ದರು ಎಂದು ಬೈಬಲಿನ ಅರಸುಗಳ ಮೊದಲ ಪುಸ್ತಕ ಹೇಳುತ್ತದೆ. ಅವನ ವೈಭವದ ವರ್ಣನೆಯಾಗಿ ಇದನ್ನು ಓದಿ ಮುಂದೆ ಹೋಗುತ್ತೇವೆ. ಅದೇ ಪುಸ್ತಕದ 4ನೇ ಅಧ್ಯಾಯದಲ್ಲಿ ಬೇರೊಂದು ಲೆಕ್ಕವಿದೆ. ಅರಮನೆಯನ್ನು ಸಾಕಲು 12 ಜನ ಅಧಿಕಾರಿಗಳು, ಒಬ್ಬೊಬ್ಬರಿಗೆ ವರ್ಷದಲ್ಲಿ ಒಂದೊಂದು ತಿಂಗಳ ಸರದಿ. ಕುದುರೆಗಳಿಗೆ ಜವೆಗೋದಿ, ಹುಲ್ಲು ತಂದು ಮುಟ್ಟಿಸುವುದೂ ಇವರ ಪಾಲಿನ ಕೆಲಸ. ಜವೆಗೋದಿ ಆ ನಾಡಿನ ಬಡವರ ರೊಟ್ಟಿಯ ಧಾನ್ಯ. ಒಂದು ಕುದುರೆಗೆ 150 ಶೆಕೆಲ್ (ಆ ಕಾಲದ ತೂಕ) ಬೆಳ್ಳಿ, ಒಂದು ರಥಕ್ಕೆ 600 ಎಂದು 10ನೇ ಅಧ್ಯಾಯದಲ್ಲಿ ಬೆಲೆಯೂ ಇದೆ. ಬೈಬಲಿನ ಇನ್ನೊಂದು ಪುಸ್ತಕವಾದ ವಿಮೋಚನಕಾಂಡದ ಕಾನೂನಿನಲ್ಲಿ ಗೂಳಿ ಹಾಯ್ದು ಒಬ್ಬ ಗುಲಾಮ ಸತ್ತರೆ ಒಡೆಯನಿಗೆ ಕೊಡಬೇಕಾದದ್ದು 30 ಶೆಕೆಲ್. ಒಂದು ಕುದುರೆಯ ಬೆಲೆಗೆ ಐದು ಜೀವ.

ಧರ್ಮೋಪದೇಶಕಾಂಡದ 17ನೇ ಅಧ್ಯಾಯ ಅರಸನಿಗೆ ಹಾಕಿದ ಮೊದಲ ನಿರ್ಬಂಧ ಕುದುರೆಯದೇ. ಬಹಳ ಕುದುರೆ ಕೂಡಿಸಬೇಡ, ಕುದುರೆಗೋಸ್ಕರ ಜನರನ್ನು ಮತ್ತೆ ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಕಳಿಸಬೇಡ. ಹೆಂಡಿರ ಸಂಖ್ಯೆ, ಬೆಳ್ಳಿ ಬಂಗಾರ ಎಲ್ಲ ಆಮೇಲೆ. ಐಗುಪ್ತದ ಜೀತದಿಂದ ತಪ್ಪಿಸಿಕೊಂಡು ಬಂದವರ ಮಕ್ಕಳೇ ಕುದುರೆಗಾಗಿ ಹಳೆಯ ಯಜಮಾನನ ಬಾಗಿಲಿಗೆ ಹೋಗಿ ನಿಲ್ಲುವಂತಾಗಬಾರದು ಎಂಬ ಭಯ ಅದರಲ್ಲಿದೆ. ಈ ಸಾಲುಗಳನ್ನು ಬರೆದವರ ಮನಸ್ಸಿನಲ್ಲಿ ಸೊಲೊಮೋನನೇ ಇದ್ದ ಎನ್ನುವ ವಿದ್ವಾಂಸರು ಅನೇಕರಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ.

ನನ್ನನ್ನು ಅತಿ ಹೆಚ್ಚು ಕಾಡಿದ್ದು ಸೊಲೊಮೋನನ ನಂತರದ ಕಾಲದ ಇಸ್ರಾಯೇಲಿನ ಅರಸ ಅಹಾಬನ ಪ್ರಸಂಗ. ಮಳೆಯಿಲ್ಲದೆ ಅವನ ರಾಜಧಾನಿ ಸಮಾರ್ಯದಲ್ಲಿ ಘೋರ ಬರ. ಅರಸ ತನ್ನ ಮನೆವಾರ್ತೆಯ ಓಬದ್ಯನನ್ನು ಕರೆದು, ನೀನು ಆ ಕಡೆ ಹೋಗು, ನಾನು ಈ ಕಡೆ ಹೋಗುತ್ತೇನೆ, ಎಲ್ಲಾದರೂ ಹುಲ್ಲು ಸಿಕ್ಕೀತು, ಕುದುರೆ ಹೇಸರಗತ್ತೆಗಳನ್ನಾದರೂ ಉಳಿಸಿಕೊಳ್ಳೋಣ ಅನ್ನುತ್ತಾನೆ. ಜನರ ಮಾತೇ ಇಲ್ಲ. ಇದರ ಹಿಂದಿನ ಅಧ್ಯಾಯದಲ್ಲಿ, ಅದೇ ಬರಗಾಲದಲ್ಲಿ, ಚೀದೋನಿನ ಸೀಮೆಯ ಚಾರೆಪ್ತದಲ್ಲಿ ಒಬ್ಬ ವಿಧವೆ ಎರಡು ಕಟ್ಟಿಗೆ ಆರಿಸುತ್ತಿದ್ದಾಳೆ. ಮಡಕೆಯಲ್ಲಿರುವ ಒಂದು ಹಿಡಿ ಹಿಟ್ಟಿನಲ್ಲಿ ರೊಟ್ಟಿ ಸುಟ್ಟು, ತಾನೂ ಮಗನೂ ತಿಂದು ಸಾಯಬೇಕು ಎಂದುಕೊಂಡಿದ್ದಾಳೆ. ಈ ಎರಡು ಹುಡುಕಾಟಗಳನ್ನು ಬರೆದವರು ಬೇಕೆಂದೇ ಒತ್ತೊತ್ತಿಗೆ ಇಟ್ಟಿದ್ದಾರೆ ಎಂದು ನಾನು ಓದಿಕೊಳ್ಳುತ್ತೇನೆ.

ಅಹಾಬನ ಕುದುರೆಗಳಿಗೆ ಬೈಬಲಿನ ಹೊರಗೂ ಸಾಕ್ಷಿ ಇದೆ. ಕ್ರಿ.ಪೂ. 853ರ ಕರ್ಕರ್ ಯುದ್ಧವನ್ನು ಅಶ್ಶೂರದ (ಅಸ್ಸೀರಿಯಾ) ಅರಸ ಮೂರನೇ ಶಾಲ್ಮನೇಸರ್ ಕಲ್ಲಿನಲ್ಲಿ ಬರೆಸಿದ. ತನ್ನೆದುರು ಒಂದಾಗಿ ಬಂದ ಅರಸರ ಪಟ್ಟಿಯಲ್ಲಿ ಇಸ್ರಾಯೇಲಿನ ಅಹಾಬನ ಹೆಸರಿನ ಮುಂದೆ 2,000 ರಥ, 10,000 ಕಾಲಾಳು ಎಂದಿದೆ. 2,000 ಹೆಚ್ಚಾಯಿತು, ಕೆತ್ತಿದವನ ತಪ್ಪಿರಬೇಕು ಎನ್ನುವವರೂ ಇದ್ದಾರೆ. ಅದರ ಅರ್ಧ ಹಿಡಿದರೂ ರಥಕ್ಕೆ ಎರಡರಂತೆ 2,000 ಕುದುರೆ. ಎಷ್ಟು ಹೊಲದ ಜವೆಗೋದಿ ಅದು!

ಆ ಕಾಲದ ಯುದ್ಧವನ್ನು ಮನಸ್ಸಿಗೆ ತಂದುಕೊಳ್ಳುವಾಗ ಸಿನಿಮಾದ ಕುದುರೆ ಸವಾರರನ್ನು ಮರೆಯಬೇಕು. ಹಳೆಯ ಪುಸ್ತಕಗಳಲ್ಲಿ ಕುದುರೆ ಅಂದರೆ ಹೆಚ್ಚಾಗಿ ರಥದ ಕುದುರೆ. ಬೆನ್ನೇರಿ ಕಾದಾಡುವ ದಂಡು ಬಲಗೊಂಡದ್ದು ಆಮೇಲೆ. ಕ್ರಿ.ಪೂ. 9ನೇ ಶತಮಾನದ ಅಶ್ಶೂರದ ಉಬ್ಬುಶಿಲ್ಪಗಳಲ್ಲಿ ಸವಾರರು ಜೋಡಿಯಾಗಿ ಬರುತ್ತಾರೆ: ಒಬ್ಬ ಎರಡೂ ಕುದುರೆಗಳ ಲಗಾಮು ಹಿಡಿದರೆ ಇನ್ನೊಬ್ಬ ಬಾಣ ಬಿಡುತ್ತಾನೆ. ಕಾಲೂರಲು ರಿಕಾಪು ಇನ್ನೂ ಹುಟ್ಟಿರಲಿಲ್ಲ. ರಥಕ್ಕೆ ಬಯಲು ಬೇಕು, ಸಾರಥಿ ಬೇಕು, ಗಾಲಿ ಮಾಡುವವನು ಬೇಕು, ಪಳಗಿಸುವವನು ಬೇಕು. ಈಗಿನ ತುರ್ಕಿಯಲ್ಲಿ ಆಳಿದ ಹಿತ್ತಿಯರ ರಾಜಧಾನಿ ಹತ್ತೂಷದಲ್ಲಿ ಸಿಕ್ಕ ಜೇಡಿಮಣ್ಣಿನ ಹಲಗೆಗಳಲ್ಲಿ ಮಿತನ್ನಿ ನಾಡಿನ ಕಿಕ್ಕುಲಿ ಎಂಬ ಪಳಗಿಸುವವನು ಯಾವ ದಿನ ಎಷ್ಟು ಓಟ, ಎಷ್ಟು ಮೇವು, ಯಾವಾಗ ನೀರು ಎಂದು ತಿಂಗಳುಗಟ್ಟಲೆಯ ಪಾಠ ಬರೆಸಿದ್ದಾನೆ. ಓಟದ ಸುತ್ತುಗಳಿಗೆ ಅವನು ಬಳಸುವ ಪದಗಳು ಐಕ ವರ್ತನ್ನ, ತೇರ ವರ್ತನ್ನ, ಪಂಜ ವರ್ತನ್ನ, ಸತ್ತ ವರ್ತನ್ನ. ನಮ್ಮ ಏಕ, ತ್ರಿ, ಪಂಚ, ಸಪ್ತದ ಬಳಗದವೇ. ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತ್ತು.

ಇದನ್ನೆಲ್ಲ ಸಾಕುವ ಶಕ್ತಿ ಐಗುಪ್ತದ ಅರಸ ಫರೋಹನಿಗಿತ್ತು, ಬಯಲಿನ ಕಾನಾನ್ಯ ಪಟ್ಟಣಗಳ ಒಡೆಯರಿಗಿತ್ತು. ಫರೋಹ ಮೂರನೇ ಥುಟ್ಮೋಸ್ ಕ್ರಿ.ಪೂ. 15ನೇ ಶತಮಾನದಲ್ಲಿ ಕಾನಾನ್ಯರ ಮೆಗಿದ್ದೋ ಪಟ್ಟಣ ಗೆದ್ದಾಗ 924 ರಥ, 2,041 ಕುದುರೆ ಕೈಸೇರಿದವೆಂದು ಬರೆಸಿದ. ಬೆಟ್ಟದ ಮೇಲೆ ಆಡು, ಕುರಿ, ಒಂದಿಷ್ಟು ಕತ್ತೆ ಕಟ್ಟಿಕೊಂಡಿದ್ದ ಇಸ್ರಾಯೇಲ್ಯರಿಗೆ ಇದು ಎಟುಕದ ಮಾತು. ಕುದುರೆ ಅವರು ಏರಿದ ಪ್ರಾಣಿಯಲ್ಲ, ಅವರ ಮೇಲೆ ಏರಿ ಬಂದದ್ದು. ಹಾಗಾಗಿಯೇ ಅವರ ಹಳೆಯ ಹಾಡುಗಳೆರಡರಲ್ಲೂ ಕುದುರೆ ನೀರುಪಾಲಾಗುತ್ತದೆ. ಫರೋಹನ ದಂಡು ಸಮುದ್ರದಲ್ಲಿ ಮುಳುಗಿದಾಗ ಮಿರ್ಯಾಮಳು ದಮ್ಮಡಿ ಬಡಿದು, ದೇವರು ಕುದುರೆಯನ್ನೂ ಸವಾರನನ್ನೂ ಸಮುದ್ರಕ್ಕೆ ಕೆಡವಿದನೆಂದು ಹಾಡಿದಳು. ಕಾನಾನ್ಯ ಸೇನಾಪತಿ ಸೀಸೆರನ 900 ಕಬ್ಬಿಣದ ರಥಗಳೆದುರು ಪ್ರವಾದಿನಿ ದೆಬೋರಳ ಜನ ನಿಂತಾಗ ಕೀಷೋನ್ ಹಳ್ಳ ಉಕ್ಕಿ ಬಂತು, ಸೀಸೆರ ರಥ ಬಿಟ್ಟು ಕಾಲ್ನಡೆಯಲ್ಲಿ ಓಡಿದ. ಆ ಹಾಡಿನ ಹೀಬ್ರೂ ಮೂಲದಲ್ಲಿ ಕುದುರೆಗಳ ಓಟಕ್ಕೆ "ದಹರೋತ್ ದಹರೋತ್" ಎಂದಿದೆ. ಗೊರಸಿನ ಸದ್ದೇ ಪದವಾಗಿದೆ.

ನಾನು ದಾಟಿ ಹೋಗಲಾರದ ಒಂದು ಜಾಗವೂ ಇದೆ. ಮೇರೋಮ್ ಜಲಾಶಯದ ಬಳಿ ಇಸ್ರಾಯೇಲ್ಯರ ನಾಯಕ ಯೆಹೋಶುವನು ಗೆದ್ದ ಮೇಲೆ ರಥಗಳನ್ನು ಸುಟ್ಟು, ಕುದುರೆಗಳ ಹಿಂಗಾಲಿನ ನರ ಕೊಯ್ಯಿಸುತ್ತಾನೆ. ಸೊಲೊಮೋನನ ತಂದೆ, ಅರಸ ದಾವೀದನೂ ಹಾಗೇ ಮಾಡುತ್ತಾನೆ, ನೂರು ರಥಗಳಿಗಾಗುವಷ್ಟು ಕುದುರೆಗಳನ್ನು ಮಾತ್ರ ಉಳಿಸಿಕೊಂಡು. ಸಾಕಲು ಆಗದು, ಬಿಟ್ಟರೆ ವೈರಿಯ ಕೈಗೆ ಹೋಗುತ್ತದೆ ಎಂಬ ಕಾರಣ ನನಗೆ ಅರ್ಥವಾಗುತ್ತದೆ. ಒಪ್ಪಿಗೆಯಾಗುವುದಿಲ್ಲ. ಕುದುರೆ ಯಾರ ಸಿಂಹಾಸನವನ್ನೂ ಬಯಸಿರಲಿಲ್ಲ. ಯೋಬನ ಪುಸ್ತಕದ 39ನೇ ಅಧ್ಯಾಯ ಓದಿದಾಗ ಈ ಸಂಕಟ ಇನ್ನಷ್ಟಾಗುತ್ತದೆ. ಅಲ್ಲಿ ದೇವರೇ ಕುದುರೆಯ ಕುತ್ತಿಗೆಯ ಕೇಸರವನ್ನು, ಕೆರೆಯುವ ಗೊರಸನ್ನು, ತುತೂರಿಯ ದನಿಗೆ "ಆಹಾ" ಎನ್ನುವ ಅದರ ಹುರುಪನ್ನು ಹೆಮ್ಮೆಯಿಂದ ವರ್ಣಿಸುತ್ತಾನೆ. ಒಂದೇ ಗ್ರಂಥದಲ್ಲಿ ಎರಡೂ ಇವೆ. ಕುದುರೆ ಮಾಂಸವೇ ಹೊರತು ಆತ್ಮವಲ್ಲ ಎಂದು ಪ್ರವಾದಿ ಯೆಶಾಯ ಐಗುಪ್ತದ ಸಹಾಯಕ್ಕೆ ಓಡಿದವರಿಗೆ ಹೇಳಿದ್ದೂ ಕುದುರೆಯನ್ನು ಹೀಗಳೆಯಲಿಕ್ಕಲ್ಲ, ಅದನ್ನು ನೆಚ್ಚಿ ಕೂತವರನ್ನು ಎಚ್ಚರಿಸಲಿಕ್ಕೆ.

ಈಗ ಕತ್ತೆಗೆ ಬರುತ್ತೇನೆ. ನಮ್ಮ ಕಡೆ ಕತ್ತೆ ಬೈಗುಳ, ಹಾಗಾಗಿ ಯೇಸು ಕತ್ತೆ ಏರಿದ್ದನ್ನು ಅವಮಾನವನ್ನೇ ಅಪ್ಪಿಕೊಂಡಂತೆ ಕೇಳಿಸಿಕೊಳ್ಳುತ್ತೇವೆ. ಆ ನಾಡಿನಲ್ಲಿ ಹಾಗಿರಲಿಲ್ಲ. ಅರಸರಿಗಿಂತ ಮುಂಚೆ ಜನರನ್ನು ನಡೆಸಿದ ನ್ಯಾಯಸ್ಥಾಪಕರಲ್ಲಿ ಒಬ್ಬನಾದ ಯಾಯೀರನ 30 ಮಕ್ಕಳು 30 ಕತ್ತೆಗಳ ಮೇಲೆ ಓಡಾಡುತ್ತಿದ್ದರು. ಸೊಲೊಮೋನನ ಪಟ್ಟಾಭಿಷೇಕಕ್ಕೆ ಅವನನ್ನು ಕರೆದೊಯ್ದದ್ದು ದಾವೀದನ ಹೇಸರಗತ್ತೆಯ ಮೇಲೆ. ಪ್ರವಾದಿ ಜೆಕರ್ಯನ ಪುಸ್ತಕದ 9ನೇ ಅಧ್ಯಾಯದಲ್ಲಿ ಅರಸ ಕತ್ತೆಯನ್ನೇರಿ ಬರುವ ವಚನ ಎಲ್ಲರಿಗೂ ಬಾಯಿಪಾಠ. ಅದರ ಮುಂದಿನ ವಚನವನ್ನು ಗರಿ ಹಿಡಿದು ನಿಂತವರು ಓದುವುದು ಕಡಿಮೆ: ಎಫ್ರಾಯೀಮಿನಿಂದ ರಥವನ್ನು, ಜೆರೂಸಲೇಮಿನಿಂದ ಕುದುರೆಯನ್ನು, ಯುದ್ಧದ ಬಿಲ್ಲನ್ನು ತೆಗೆದುಹಾಕುವೆನು. ಅಂದರೆ ಲಾಯಗಳು ಖಾಲಿ. ಜವೆಗೋದಿ ಮತ್ತೆ ಮನೆಯ ಮಡಕೆಗೆ. ಕತ್ತೆಯ ಮೇಲೆ ಬಂದವನು ಹಾಗೆ ಬಂದದ್ದು ಕುದುರೆ ಸಿಗಲಿಲ್ಲವೆಂದಲ್ಲ.

ಬೈಬಲಿನ ಕೊನೆಯ ಪುಸ್ತಕ ಪ್ರಕಟಣೆಯ ನಾಲ್ಕು ಕುದುರೆಗಳಲ್ಲಿ ಬಿಳಿಯದು ಕ್ರಿಸ್ತನೋ ದಂಡೆತ್ತಿ ಬರುವ ಅರಸನೋ ಎಂದು ವಾದ ಮಾಡುವವರನ್ನು ಬಹಳ ನೋಡಿದ್ದೇನೆ. ಕಪ್ಪು ಕುದುರೆಯ ಎದುರು ನಿಲ್ಲುವವರು ಕಡಿಮೆ. ಅದರ ಸವಾರನ ಕೈಯಲ್ಲಿ ಕತ್ತಿಯಿಲ್ಲ, ತಕ್ಕಡಿ ಇದೆ. ಒಂದು ದಿನಾರಿಗೆ ಒಂದು ಅಳತೆ ಗೋದಿ, ಇಲ್ಲವೇ ಮೂರು ಅಳತೆ ಜವೆಗೋದಿ ಎಂಬ ಕೂಗು. ದಿನಾರ್ ಅಂದರೆ ಕೂಲಿಯವನ ಒಂದು ದಿನದ ದುಡಿಮೆ, ಆ ಒಂದು ಅಳತೆ ಒಬ್ಬನ ಒಂದು ದಿನದ ಊಟ. ಗೋದಿ ಕೊಂಡರೆ ಹೆಂಡತಿ ಮಕ್ಕಳಿಗಿಲ್ಲ. ಜವೆಗೋದಿ ಕೊಂಡರೆ ಹೇಗೋ ಜೀವ ಹಿಡಿದುಕೊಳ್ಳಬಹುದು. ಮುಂದೆ ಹೋದ ಕೆಂಪು ಕುದುರೆಯ ಯುದ್ಧಕ್ಕೆ ಬೆಲೆ ತೆತ್ತವರ ಲೆಕ್ಕ ಇದು.

ಜೆಕರ್ಯನ ಕೊನೆಯ ಅಧ್ಯಾಯದಲ್ಲಿ ಮಾತ್ರ ಕುದುರೆ ಉಳಿದಿದೆ, ನರ ಕೊಯ್ಯದೆ, ನೀರಲ್ಲಿ ಮುಳುಗಿಸದೆ. ಅದರ ಕೊರಳ ಗಂಟೆಗಳ ಮೇಲೆ "ಯೆಹೋವನಿಗೆ ಮೀಸಲು" ಎಂದು ಬರೆದಿರುತ್ತದೆ, ಮಹಾಯಾಜಕನ ಮುಂಡಾಸದ ಬಂಗಾರದ ಪಟ್ಟಿಯ ಮೇಲೆ ಕೆತ್ತಿದ್ದ ಮಾತೇ. ಅದೇ ಉಸಿರಿನಲ್ಲಿ ಪ್ರವಾದಿ ಇನ್ನೊಂದು ಸೇರಿಸುತ್ತಾನೆ: ಜೆರೂಸಲೇಮಿನಲ್ಲೂ ಯೆಹೂದದಲ್ಲೂ ಜನರು ಅಡುಗೆ ಮಾಡುವ ಒಂದೊಂದು ಮಡಕೆಯೂ ಹಾಗೇ ಮೀಸಲಾಗುವುದು.