ದೊಡ್ಡ ಬಾಂಬೆ, ಸಣ್ಣ ಮದ್ರಾಸ್

ಇವತ್ತೂ ತಣ್ಣೀರೇ. ಹಾಸಿಗೆಯಲ್ಲೇ ಫೋನ್ ಒತ್ತಿ ಗೀಸರ್ ಹಾಕಿ, ಮಗ್ಗುಲು ಬದಲಿಸಿ ಮಲಗುವ ಸುಖಕ್ಕೆಂದೇ ಆ ಸ್ಮಾರ್ಟ್ ಪ್ಲಗ್ ತಂದಿದ್ದು. ಈಗ ಆಪ್ ತೆರೆದರೆ ಬೂದು ಅಕ್ಷರದಲ್ಲಿ ‘ಆಫ್‌ಲೈನ್’. ಪ್ಲಗ್ಗಿನ ಮೇಲೇ ಗುಂಡಿ ಇದೆಯಲ್ಲ ಅನ್ನಬೇಡಿ. ಎದ್ದು ಹೋಗಿ ಒತ್ತುವುದಾದರೆ ಗೋಡೆಯ ಸ್ವಿಚ್ಚೇ ಇತ್ತಲ್ವಾ?

ಹಳೇ ವೈಫೈ ಡಬ್ಬಿ ಇದ್ದಾಗ ಫೋನಿನಲ್ಲಿ ಎರಡು ಹೆಸರು ಕಾಣುತ್ತಿದ್ದವು. ಒಂದರ ಬಾಲಕ್ಕೆ 5ಜಿ ಅಂತ ಇರುತ್ತಿತ್ತು. ಹೊಸ ಡಬ್ಬಿ ತಂದ ಫೈಬರ್ ಹುಡುಗ ಎರಡನ್ನೂ ಸೇರಿಸಿ ಒಂದೇ ಹೆಸರಿಟ್ಟ. “ಯಾವುದು ಬೇಕೋ ಅದೇ ಆರಿಸ್ಕೊಳ್ಳುತ್ತೆ ಮೇಡಂ, ನೀವು ತಲೆ ಕೆಡಿಸ್ಕೋಬೇಡಿ” ಅಂದ. ಅವತ್ತಿಂದ ಕೆಟ್ಟಿರುವುದು ತಲೆಯೊಂದೇ ಅಲ್ಲ.

ಡಬ್ಬಿಯೊಳಗಿರುವುದು ಎರಡು ರೇಡಿಯೊ. 5 ಗಿಗಾಹರ್ಟ್ಸ್‌ನದಕ್ಕೆ ವೇಗ ಜಾಸ್ತಿ, ಆದರೆ ಗೋಡೆ ಕಂಡರೆ ಸುಸ್ತು. 2.4ರದು ನಿಧಾನ, ಆದರೆ ಬಚ್ಚಲುಮನೆವರೆಗೂ ಹೋಗುತ್ತದೆ. ಪ್ಲಗ್ಗಿಗೆ ‘ಆನ್ ಆಗು, ಆಫ್ ಆಗು’ ಅನ್ನುವುದು ಕೇಳಿಸಿದರೆ ಸಾಕು. ಹಾಗಾಗಿ ಇಂಥ ಬಹುಪಾಲು ಸಾಮಾನಿಗೆ 2.4ರ ಅಗ್ಗದ ಚಿಪ್ ಒಂದನ್ನೇ ಹಾಕಿರುತ್ತಾರೆ. “ಫೋನನ್ನು 2.4ಕ್ಕೆ ಸೇರಿಸಿ” ಅನ್ನುತ್ತದೆ ಆಪ್. ಇರುವುದೊಂದೇ ಹೆಸರು, ಹೇಗಪ್ಪಾ ಸೇರಿಸುವುದು?

ಡಬ್ಬಿಯಿಂದ ದೂರ ಹೋದರೆ ಫೋನ್ ತಾನಾಗೇ 2.4ಕ್ಕೆ ಇಳಿಯುತ್ತೆ ಅಂತ ಯಾರೋ ಹೇಳಿದರು. ನೈಟಿ ಮೇಲೊಂದು ಟವಲ್ ಹೊದ್ದು, ಫೋನ್ ಎತ್ತಿ ಹಿಡಿದು ಹಿತ್ತಲ ಕಾಂಪೌಂಡಿನವರೆಗೆ ಹೋದೆ. ಪಕ್ಕದ ಮನೆಯಾಕೆ “ಸಿಗ್ನಲ್ ಇಲ್ವೇನ್ರೀ?” ಅಂದರು. ಇತ್ತು. ನನಗೆ ಬೇಕಾಗಿದ್ದು ಸ್ವಲ್ಪ ಕೆಟ್ಟ ಸಿಗ್ನಲ್. ಬೆಳಗ್ಗೆ ಬೆಳಗ್ಗೆ ಕಾಂಪೌಂಡಿನ ಆಚೆಯವರಿಗೆ ಇದನ್ನು ಬಿಡಿಸಿ ಹೇಳೋದಾದರೂ ಹೇಗೆ? ಆಪಿನ ಚಕ್ರ ತಿರುಗಿ ತಿರುಗಿ ‘ಆಗಲಿಲ್ಲ’ ಅಂತ ನಿಂತಿತು.

ಪ್ಲಗ್ಗಾದರೂ ವಾಸಿ. ನಮ್ಮಲ್ಲೊಂದು ಹಳೇ ಪ್ರಿಂಟರ್ ಇದೆ. ಅದರ ಮೈಮೇಲೆ ಬೆರಳಗಲದ ಪರದೆ, ಮೇಲೊಂದು ಬಾಣ, ಕೆಳಗೊಂದು ಬಾಣ, ಒಂದು ಓಕೆ ಗುಂಡಿ. ಪಾಸ್‌ವರ್ಡಿನ ಪ್ರತಿ ಅಕ್ಷರಕ್ಕೂ ದೊಡ್ಡ ಎ-ಯಿಂದ ಒತ್ತುತ್ತಾ ಹೋಗಬೇಕು. ಸಣ್ಣ ಝಡ್ ಬೇಕಾದರೆ ಊಟದ ಹೊತ್ತಾಗುತ್ತದೆ.

ಪಾಸ್‌ವರ್ಡ್ ಇರುವುದು ಡಬ್ಬಿಯ ತಳದ ಸ್ಟಿಕ್ಕರಿನಲ್ಲಿ. ಅದನ್ನು ಓದುವ ಹಕ್ಕು ನಮ್ಮ ಮಾವನದು. ಅವರು ತಂತಿ ಆಫೀಸಿನಿಂದ ರಿಟೈರ್ ಆದವರು. ಫೋನಿನಲ್ಲಿ ತಂತಿ ಬರೆದುಕೊಳ್ಳುವಾಗ ಅಕ್ಷರ ತಪ್ಪಬಾರದೆಂದು ಊರಿನ ಹೆಸರು ಹೇಳಿಸುವ ಅಭ್ಯಾಸ. ತಂತಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರದ ರಗಳೆ ಇರಲಿಲ್ಲ. ಅದಕ್ಕೀಗ ಅವರೇ ದಾರಿ ಹುಡುಕಿದ್ದಾರೆ.

“ಒತ್ಕೋಮ್ಮ. ದೊಡ್ಡ ಬಾಂಬೆ.”

“ಆಯ್ತು ಮಾವ.”

“ಸಣ್ಣ ಮದ್ರಾಸ್. ಸಣ್ಣ ನಾಗ್ಪುರ. ಈ ನಾಗ್ಪುರದ ಲೈನು ಇತ್ತಲ್ಲ, ಬರೀ ಗೊರಗೊರ. ಒಂದ್ಸಲ ಏನಾಯ್ತು ಅಂದ್ರೆ…”

ಕಥೆ ಮುಗಿಯುವಷ್ಟರಲ್ಲಿ ಪ್ರಿಂಟರಿನ ಪರದೆ ಕಪ್ಪಾಗಿರುತ್ತದೆ. ಮತ್ತೆ ದೊಡ್ಡ ಬಾಂಬೆಯಿಂದ. ಬಾಂಬೆ 1995ರಲ್ಲೇ ಮುಂಬೈ ಆಯಿತು, ಮರುವರ್ಷ ಮದ್ರಾಸ್ ಚೆನ್ನೈ ಆಯಿತು. ಆ ಸುದ್ದಿ ಮಾವನ ಪಟ್ಟಿಗೆ ತಲುಪಿಲ್ಲ.

“ಸಣ್ಣ ಕ್ಯೂ.”

“ಯಾವ ಊರು ಮಾವ?”

“ಊರಲ್ಲಮ್ಮ, ರೇಷನ್ ಅಂಗಡಿ ಮುಂದೆ ನಿಲ್ತೀವಲ್ಲ, ಆ ಕ್ಯೂ.”

ರೇಷನ್ ಅಂಗಡಿ ಮುಂದೆ ಸಣ್ಣ ಕ್ಯೂ ಯಾವತ್ತಾದರೂ ಇತ್ತಾ? ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಒಂದು ಕಥೆ ಬರುತ್ತಿತ್ತು, ಪರದೆ ಮತ್ತೆ ಕಪ್ಪಾಗುತ್ತಿತ್ತು.

ಬೇಜಾರು ಮಾಡಿಕೊಳ್ಳುವ ಹಾಗೂ ಇಲ್ಲ. 2013ರ ಜುಲೈನಲ್ಲಿ ದೇಶದಲ್ಲಿ ತಂತಿ ಸೇವೆಯೇ ನಿಂತಿತು. ಆ ದಿನ ಮಾವ ಪೇಪರನ್ನು ಮಡಿಸಿ ತಮ್ಮ ಬೀರುವಿನಲ್ಲಿಟ್ಟುಕೊಂಡರಂತೆ, ಯಾರ ಹತ್ತಿರವೂ ಮಾತಾಡಲಿಲ್ಲವಂತೆ. ಅದಾದ ಮೇಲೆ ಅವರ ಊರುಗಳನ್ನು ಕಿವಿಗೊಟ್ಟು ಕೇಳುತ್ತಿರುವುದು ನಾನು ಮತ್ತು ಈ ಪ್ರಿಂಟರ್ ಮಾತ್ರ.

ಎಲ್ಲ ಅಕ್ಷರ ಸರಿಯಾಗಿ ಒತ್ತಿದರೂ ಪ್ರಿಂಟರ್ ‘ಸಾಧ್ಯವಿಲ್ಲ’ ಅಂದಿತು. ಹುಡುಗನಿಗೆ ಫೋನ್ ಮಾಡಿದರೆ, ಹೊಸ ಡಬ್ಬಿಗೆ ಡಬ್ಲ್ಯೂಪಿಎ3 ಅನ್ನೋ ಬೀಗ ಹಾಕಿದೆಯಂತೆ. ಆ ಬೀಗ ಬಂದದ್ದು 2018ರಲ್ಲಿ. ಪ್ರಿಂಟರ್ ಹುಟ್ಟಿದ್ದು ಅದಕ್ಕೂ ಮುಂಚೆ, ಅದಕ್ಕೆ ಗೊತ್ತಿರುವುದು ಹಳೇ ಡಬ್ಲ್ಯೂಪಿಎ2. “ಬಂದುಹೋಗೋರಿಗೆ ಅಂತ ಬೇರೆ ಗೆಸ್ಟ್ ನೆಟ್‌ವರ್ಕ್ ಮಾಡ್ಕೊಂಡು, ಅದಕ್ಕೆ ಹಳೇ ಬೀಗ ಇಟ್ಟು, ಪ್ರಿಂಟರನ್ನ ಅದರಲ್ಲಿ ಹಾಕಿ ಮೇಡಂ” ಅಂದ. ಹಾಕಿದೆ. ಪ್ರಿಂಟರ್ ಖುಷಿಯಾಗಿ ಒಳಗೆ ಬಂತು. ಆದರೆ ಗೆಸ್ಟುಗಳು ಮನೆಯವರ ಜೊತೆ ಮಾತಾಡುವಂತಿಲ್ಲವಂತೆ! ನನ್ನ ಫೋನಿಗೆ ಪ್ರಿಂಟರ್ ಕಾಣಿಸಲೇ ಇಲ್ಲ. ಮಗಳ ಸ್ಕೂಲ್ ಪ್ರಾಜೆಕ್ಟಿನ ಹಾಳೆಗಳನ್ನು ಕೊನೆಗೆ ಜೆರಾಕ್ಸ್ ಅಂಗಡಿಯಲ್ಲೇ ತೆಗೆಸಿದೆ.

ಎರಡು ಹೆಸರು ಬೇರೆ ಬೇರೆ ಮಾಡೋಣ ಅಂದರೆ ಆ ಸೆಟ್ಟಿಂಗಿಗೆ ಮಾತ್ರ ಕಂಪನಿಯದೇ ಇನ್ನೊಂದು ಪಾಸ್‌ವರ್ಡ್. ಅದನ್ನು ನಮಗೆ ಕೊಡುವುದಿಲ್ಲ. ಡಬ್ಬಿಯ ಬಾಡಿಗೆ ಮಾತ್ರ ನಮ್ಮದು.

ಮಧ್ಯಾಹ್ನ ಹುಡುಗ ಬಂದ. ಹೆಸರು ಬೇರೆ ಮಾಡಿದ, 2.4ಕ್ಕೆ ಹಳೇ ಬೀಗ ಹಾಕಿದ. ಪ್ಲಗ್ ತಕ್ಷಣ ಸೇರಿಕೊಂಡಿತು, ಗೀಸರಿನ ಕೆಂಪು ದೀಪ ಹತ್ತಿತು. “ಸೇಫ್ಟಿಗೆ ಪಾಸ್‌ವರ್ಡೂ ಬದಲಾಯಿಸಿದೀನಿ ಮೇಡಂ” ಅಂತ ಚೀಟಿ ಕೊಟ್ಟು ಹೊರಟ.

ಚೀಟಿ ಮಾವನ ಕೈಗೆ ಹೋಯಿತು. ನಾನು ಪ್ರಿಂಟರ್ ಮುಂದೆ ಕೂತೆ. ಅವರು ಕನ್ನಡಕ ಏರಿಸಿದರು, ಗಂಟಲು ಸರಿಮಾಡಿಕೊಂಡರು. ಆಮೇಲೆ ಚೀಟಿಯನ್ನು ನನ್ನ ಕಡೆ ತಿರುಗಿಸಿ @ ಮೇಲೆ ಬೆರಳಿಟ್ಟರು.

“ಇದ್ಯಾವ ಊರಮ್ಮ?”