ಅರ್ಧಕ್ಕೆ ನಿಂತ ಅಣುಸ್ಥಾವರ: ಮುಗಿಸಬೇಕೇ, ಕೈಬಿಡಬೇಕೇ?

ಪರ: ಮುಗಿಸಲಿ
(ದಾವಣಗೆರೆಯಿಂದ)

ಅಮೆರಿಕದ ಟೆನೆಸಿಯಲ್ಲಿ ವಾಟ್ಸ್ ಬಾರ್ ಸ್ಥಾವರದ ಎರಡನೇ ಘಟಕದ ಕೆಲಸ 1985ರಲ್ಲಿ ನಿಂತಿತು. 2007ರಲ್ಲಿ ಮತ್ತೆ ಕೈಗೆತ್ತಿಕೊಂಡರು, 2016ರಲ್ಲಿ ಗ್ರಿಡ್‌ಗೆ ಕರೆಂಟು ಬಂತು. ರಿಯಾಕ್ಟರ್ ಕಟ್ಟಡ, ಕೂಲಿಂಗ್ ಟವರ್, ನದಿ ನೀರಿನ ವ್ಯವಸ್ಥೆ ಎಲ್ಲ ಮೊದಲೇ ಇದ್ದವು. ನಮ್ಮ ಕೈಗಾದಲ್ಲೂ 1994ರ ಮೇ ತಿಂಗಳಲ್ಲಿ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟ್ ಪದರ ಕಳಚಿಬಿತ್ತು. ಹಾಗೆಂದು ಕೈಬಿಡಲಿಲ್ಲ, ವಿನ್ಯಾಸ ತಿದ್ದಿ ಮತ್ತೆ ಕಟ್ಟಿದರು, 2000ದಲ್ಲಿ ಘಟಕ ಚಾಲೂ ಆಯಿತು. ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳು ಮುಂಗಾರಿನಲ್ಲಿ ಚೆನ್ನಾಗಿ ತಿರುಗುತ್ತವೆ, ಆದರೆ ಚನ್ನಗಿರಿ ಕಡೆ ಅಡಿಕೆ ತೋಟಕ್ಕೆ ತ್ರೀ ಫೇಸ್ ಬೇಕಾಗುವುದು ಬೇಸಿಗೆಯಲ್ಲಿ. ಖರ್ಚು ಅಂದಾಜು ಮೀರುತ್ತದೆ ಎಂಬುದು ನಿಜವೇ. ಆದರೆ ವಿರೋಧಿಸುವ ಬಹಳ ಜನಕ್ಕೆ ಖರ್ಚಿನ ಲೆಕ್ಕ ಬೇಕಿಲ್ಲ, ಅಣು ಎಂದರೆ ಸಾಕು, ಬೆಚ್ಚಿಬೀಳುತ್ತಾರೆ.

ವಿರೋಧ: ಮುಗಿಸುವುದು ಬೇಡ
(ಚಿತ್ರದುರ್ಗದಿಂದ)

ಕೆಲಸ ನಿಂತರೂ ತುಕ್ಕು ನಿಲ್ಲುವುದಿಲ್ಲ. ರಿಯಾಕ್ಟರಿನ ಬಿಸಿಯಿಂದ ಹಬೆ ಮಾಡುವ ಸ್ಟೀಮ್ ಜನರೇಟರಿನಲ್ಲಿ ಸಾವಿರಾರು ತೆಳು ಕೊಳವೆಗಳಿರುತ್ತವೆ. ಅದರೊಳಗೆ ನೈಟ್ರೋಜನ್ ತುಂಬಿಡಬೇಕು, ಇಲ್ಲವೇ ಸದಾ ಒಣಗಾಳಿ ಹಾಯಿಸಬೇಕು. ಪಂಪಿನ ಶಾಫ್ಟನ್ನು ಆಗಾಗ ತಿರುಗಿಸದಿದ್ದರೆ ಭಾರವೆಲ್ಲ ಒಂದೇ ಕಡೆ ಕೂತು ಬೇರಿಂಗ್ ಹಾಳಾಗುತ್ತದೆ. ಮೋಟಾರಿನ ವೈಂಡಿಂಗ್ ತೇವ ಹೀರದಂತೆ ಹೀಟರ್ ಚಾಲೂ ಇರಬೇಕು. ಇಷ್ಟೆಲ್ಲ ಮಾಡಿದರೂ ಕಡತ ಸರಿಯಿರಬೇಕು. ವೆಲ್ಡಿನ ಎಕ್ಸ್‌ರೇ ಫಿಲ್ಮ್, ವೆಲ್ಡರನ ಅರ್ಹತಾ ಪತ್ರ, ಉಕ್ಕು ಯಾವ ಎರಕದ್ದೆಂದು ಹೇಳುವ ಹೀಟ್ ನಂಬರ್ ಇವುಗಳಲ್ಲಿ ಒಂದು ಕಳೆದರೂ ಗಟ್ಟಿಯಾಗಿರುವ ವೆಲ್ಡನ್ನೇ ಮತ್ತೆ ಪರೀಕ್ಷಿಸಬೇಕು, ಇಲ್ಲವೇ ಕತ್ತರಿಸಿ ಹೊಸದಾಗಿ ಹಾಕಬೇಕು.

ಅಮೆರಿಕದ್ದೇ ಆದ ಅಲಬಾಮಾದ ಬೆಲೆಫಾಂಟ್ ಅಣುಸ್ಥಾವರ ನೋಡಿ. 1988ರಲ್ಲಿ ಕೆಲಸ ನಿಂತಾಗ ಮೊದಲ ಘಟಕ ಬಹುಪಾಲು ಮುಗಿದಿತ್ತು. ಆಮೇಲೆ ಸ್ಟೀಮ್ ಜನರೇಟರಿನ ಕೊಳವೆಗಳನ್ನು ಕಿತ್ತು ಗುಜರಿಗೆ ಮಾರಿದರು. 2009ರಲ್ಲಿ, ರಿಯಾಕ್ಟರ್ ಕಟ್ಟಡದ ಗೋಡೆಯನ್ನು ತಳದ ಬಂಡೆಗೆ ಬಿಗಿದಿದ್ದ ಉಕ್ಕಿನ ಟೆಂಡನ್ (ಎಳೆದು ಬಿಗಿದ ತಂತಿಕಟ್ಟು) ಒಂದರ ಜೋಡಣೆ ತಾನಾಗಿಯೇ ತುಂಡಾಯಿತು. ಅಲ್ಲಿ ಇಂಧನವೇ ತುಂಬಿರಲಿಲ್ಲ, ಒಂದು ದಿನವೂ ಓಡಿರಲಿಲ್ಲ.

ಮುಗಿಸಿದ ವಾಟ್ಸ್ ಬಾರ್ ಪಾಡೇನು? 2017ರಲ್ಲಿ ಹಬೆಯನ್ನು ತಣಿಸಿ ನೀರಾಗಿಸುವ ಕಂಡೆನ್ಸರ್ ಒಳಗೆ ಮುರಿದು ಘಟಕ ತಿಂಗಳುಗಟ್ಟಲೆ ನಿಂತಿತು. ಸ್ಟೀಮ್ ಜನರೇಟರಿನ ಹಳೆಯ ಕೊಳವೆಗಳು ಅಲಾಯ್ 600ರವು, ಬಿರುಕು ಬಿಡುವುದರಲ್ಲಿ ಹೆಸರಾದ ಲೋಹ. 2022ರಲ್ಲಿ ನಾಲ್ಕೂ ಸ್ಟೀಮ್ ಜನರೇಟರು ಬದಲಾಯಿಸಬೇಕಾಯಿತು. ದಕ್ಷಿಣ ಕೆರೊಲಿನಾದಲ್ಲಂತೂ 2017ರಲ್ಲಿ ಸುಮಾರು 900 ಕೋಟಿ ಡಾಲರ್ ಸುರಿದ ಮೇಲೆ ಎರಡು ಘಟಕಗಳನ್ನು ಕೈಬಿಟ್ಟರು, ಹೊರೆ ಬಳಕೆದಾರರ ಬಿಲ್ಲಿಗೆ ಬಿತ್ತು. ನಮ್ಮ ಬೆಸ್ಕಾಂ ಬಿಲ್ಲಿಗೆ ಅಂಥ ಹೊರೆ ಬಂದರೆ ತಡೆಯುವವರು ಯಾರು?

ಇಷ್ಟಾದ ಮೇಲೂ ಮುಗಿಸುತ್ತೇವೆ ಎನ್ನುವವರು ಶೇಕಡಾ ಎಷ್ಟು ಕೆಲಸ ಆಗಿದೆ ಎಂಬ ಅಂಕಿ ಹೇಳುವುದು ಬೇಡ. ಪ್ರತಿ ಕೊಳವೆಯ ಎಡ್ಡಿ ಕರೆಂಟ್ ಪರೀಕ್ಷೆ (ವಿದ್ಯುತ್ತಿನಿಂದ ಬಿರುಕು ಹುಡುಕುವುದು), ಟೆಂಡನ್ನುಗಳ ಬಿಗಿತದ ಪರೀಕ್ಷೆ, ಕೇಬಲ್ಲಿನ ಇನ್ಸುಲೇಷನ್ ಪರೀಕ್ಷೆ ಮಾಡಿಸಿ, ಮೂರೂ ವರದಿಗಳನ್ನು ಜನರ ಮುಂದಿಡಲಿ.